ವೈರು ಮುಟ್ಟಿ ನೋಡುವ ಕೆಲಸ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅವರ ಇಸ್ತ್ರಿಪೆಟ್ಟಿಗೆಯ ವೈರಿನ ಮೇಲೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನಗೂ ಗೊತ್ತು. ಈಚೆಗೆ ನಾಗಮಂಗಲದಲ್ಲಿ ನಮ್ಮ ಕಡೆಯ ಹುಡುಗನೊಬ್ಬನಿಗೆ ಹೆಣ್ಣು ನೋಡಲು ಹೋದಾಗ ಹಿರಿಯ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹುಡುಗಿ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬಂದಳು. ಎಲ್ಲರೂ ಹುಡುಗಿಯನ್ನು ನೋಡಿದರು. ನಾನು ಅವಳ ಹಿಂದೆ ಗೂಡಿನಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ನೋಡಿದೆ. ವೈರಿನ ಮೇಲಿನ ನೂಲು ಬಿಚ್ಚಿಹೋಗಿ, ಪೆಟ್ಟಿಗೆಗೆ ಸಿಕ್ಕಿಸುವ ಕರಿಯ ಮೂತಿಯ ಹತ್ತಿರ ತಾಮ್ರದ ಎಳೆಗಳು ಹೊರಗೆ ಇಣುಕುತ್ತಿದ್ದವು. ಯಾರೋ ‘ಏನಾರ ಕೇಳೋದಿದ್ರೆ ಕೇಳಿ’ ಅಂದರು. ನಾನು, ‘ಆ ಇಸ್ತ್ರಿಪೆಟ್ಟಿಗೇನ ಇನ್ನೂ ಉಪಯೋಗುಸ್ತಿದ್ದೀರಾ?’ ಎಂದು ಕೇಳಿಬಿಟ್ಟೆ. ಹುಡುಗಿಯ ತಂದೆ ಇದನ್ನು ವರೋಪಚಾರದ ಮಾತು ಎಂದು ತಿಳಿದು, ‘ಅದ್ಕೇನಂತೆ, ಹೊಸದು ಕೊಡ್ಸಾನ ಬುಡಿ’ ಅಂದರು. ವಾಪಸ್ಸು ಬರುವಾಗ ನನ್ನ ಹೆಂಡತಿ ಜಯಮ್ಮ ಕೆ.ಆರ್. ಪೇಟೆ ಬರುವ ತನಕ ಕಿಟಕಿಯ ಆಚೆಗೇ ನೋಡುತ್ತ ಕುಳಿತಿದ್ದಳು.

ಈ ಅಭ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಮರಗೆಲಸದವನು. ಕೆ.ಆರ್. ಪೇಟೆಯಿಂದ ಹೊಸಹೊಳಲಿಗೆ ಹೋಗುವ ದಾರಿಯಲ್ಲಿ ತಗಡು ಹೊದಿಸಿದ ಒಂದು ಷೆಡ್ಡು ಇದೆ. ಬಾಗಿಲು, ಕಿಟಕಿ, ಮಂಚ ಅಲ್ಲಿ ಹುಟ್ಟುತ್ತವೆ. ನಮ್ಮಪ್ಪನದೂ ಇದೇ ಕೆಲಸ. ಅವರ ಬಾಚಿ, ಉಳಿ, ಉಜ್ಜುಗೊರಡು, ಗರಗಸ ಯಾವುದಕ್ಕೂ ಬಾಲವಿರಲಿಲ್ಲ. ಅವರು ಕೆಲಸ ಮುಗಿಸಿ ಎಲ್ಲವನ್ನೂ ಒಂದು ಗೋಣಿತಾಟಿನಲ್ಲಿ ಸುತ್ತಿ ತಲೆದೆಸೆಗೆ ಇಟ್ಟುಕೊಂಡು ಮಲಗಿದರೆ ಬೆಳಗಿನವರೆಗೆ ಏನೂ ಚಿಂತೆ ಇರುತ್ತಿರಲಿಲ್ಲ. ಬಿಸಿಯಾಗುತ್ತಿದ್ದುದು ಅವರ ತೋಳು ಮಾತ್ರ. ಅದಕ್ಕೆ ಅಮ್ಮ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ನನ್ನ ಕಾಲಕ್ಕೆ ಮೆಷಿನ್ನು ಬಂತು, ತೋಳು ಉಳಿಯಿತು. ತೋಳಿನ ಆಯಾಸ ಎಲ್ಲಿಗೂ ಹೋಗಲಿಲ್ಲ, ಅದು ತಲೆಗೆ ಹತ್ತಿತು ಅಷ್ಟೆ. ಈಗ ಹಾಸಿಗೆಗೆ ಬಿದ್ದ ಮೇಲೂ ಪ್ಲಗ್ಗು ಕಿತ್ತಿದ್ದೇನೋ ಇಲ್ಲವೋ ಎಂದು ಯೋಚಿಸುತ್ತೇನೆ.

ನಮ್ಮ ಮೆಷಿನ್ನುಗಳು ಹೊಸವಲ್ಲ. ಬಾಗಿಲು ಹಾಕಿದ ಒಂದು ಕಾರ್ಖಾನೆಯ ಸಾಮಾನು ವಿಲೇವಾರಿಯಾಗುವಾಗ ತಂದವು: ಒಂದು ಗರಗಸದ ಮೆಷಿನ್ನು, ಒಂದು ತೂತು ಕೊರೆಯುವ ಡ್ರಿಲ್ಲು, ಹಲಗೆ ನುಣುಪು ಮಾಡುವ ಒಂದು ಪ್ಲೇನರು. ಇವುಗಳ ವಿಶೇಷ ಏನೆಂದರೆ ವೈರು ಮೆಷಿನ್ನಿಗೇ ಅಂಟಿಕೊಂಡಿರಲಿಲ್ಲ. ಇಸ್ತ್ರಿಪೆಟ್ಟಿಗೆಗೆ ಇರುವ ಹಾಗೆ, ಹಿಂಭಾಗದಲ್ಲಿ ಪಿನ್ನುಗಳು, ಅದಕ್ಕೆ ಸಿಕ್ಕಿಸುವ ಮೂತಿಯ ವೈರು. ಬೇಕಾದಾಗ ಹಾಕು, ಬೇಡದಾಗ ಬಿಚ್ಚು. ಬಸ್ಸಿನಲ್ಲಿ ಒಯ್ಯಲು ಎಷ್ಟು ಅನುಕೂಲ ಎಂದು ಮೊದಲು ಖುಷಿಪಟ್ಟೆ. ಆಮೇಲೆ ತಿಳಿದದ್ದು, ಬಿಚ್ಚಲು ಬರುವ ವಸ್ತು ಯಾರ ಕೈಗೆ ಬೇಕಾದರೂ ಸಿಗುತ್ತದೆ, ಯಾವುದಕ್ಕೆ ಬೇಕಾದರೂ ಹೋಗಿ ಸೇರಿಕೊಳ್ಳುತ್ತದೆ. ಡ್ರಿಲ್ಲಿನದು ತೆಳ್ಳನೆಯ ವೈರು, ಗರಗಸದ್ದು ದಪ್ಪನೆಯದು. ಮೂತಿ ಮಾತ್ರ ಎರಡಕ್ಕೂ ಒಂದೇ.

ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಮಾದೇವ. ಜಯಮ್ಮನ ತಮ್ಮ, ಅಂದರೆ ನನ್ನ ಭಾವಮೈದ. ಅವನ ಕೈ ನನ್ನ ಕೈಗಿಂತ ದೊಡ್ಡದು. ಕೆತ್ತನೆಗೆ ಕೂತರೆ ಬಾಗಿಲಿನ ಮೇಲುಪಟ್ಟಿಯಲ್ಲಿ ಗಜಲಕ್ಷ್ಮಿಯ ರೆಪ್ಪೆಗೂದಲು ಕೂಡ ಎಣಿಸುವ ಹಾಗೆ ಬಿಡಿಸುತ್ತಿದ್ದ. ಅಷ್ಟು ನಯವಾದ ಕೈ ವೈರಿನ ವಿಷಯಕ್ಕೆ ಬಂದರೆ ಎತ್ತಿನ ಕಾಲಿನ ಹಾಗಾಗುತ್ತಿತ್ತು. ಮೆಷಿನ್ನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬೇಕಾದರೆ ಕುರಿಮರಿಯನ್ನು ಹಗ್ಗ ಹಿಡಿದು ಎಳೆದ ಹಾಗೆ ವೈರು ಹಿಡಿದೇ ಎಳೆಯುತ್ತಿದ್ದ. ಪ್ಲಗ್ಗು ಕೀಳಬೇಕಾದರೂ ಅಷ್ಟೆ, ದೂರದಿಂದಲೇ ವೈರಿಗೆ ಒಂದು ಜಗ್ಗು. ಮೂತಿ ಸಡಿಲವಾದರೆ ಸೈಕಲ್ ಟ್ಯೂಬಿನ ತುಂಡನ್ನು ಬಿಗಿದು ಕಟ್ಟುತ್ತಿದ್ದ. ಮೇಲಿನ ರಬ್ಬರು ಸೀಳಿದರೆ ಟೇಪು ಸುತ್ತುತ್ತಿದ್ದ. ಟೇಪಿನ ಮೇಲೆ ಟೇಪು ಸುತ್ತಿ ಸುತ್ತಿ ಒಂದು ವೈರಂತೂ ಇಲಿ ನುಂಗಿದ ಹಾವಿನ ಹಾಗೆ ಕಾಣುತ್ತಿತ್ತು.

ನಾನು ಹೇಳಿ ಹೇಳಿ ಸೋತಿದ್ದೆ. ‘ಲೇ ಮಾದೇವ, ಮೂತಿ ಲೂಸಾದ್ರೆ ಅಲ್ಲೇ ಕಾವು ಹುಟ್ತದೆ ಕಣ್ಲಾ. ಟ್ಯೂಬು ಕಟ್ಟಿದ್ರೆ ಒಳಗಡೆ ಕರ್ರಗಾಗಿರೋದು ಕಣ್ಣಿಗೆ ಕಾಣಾಕಿಲ್ಲ.’ ‘ಸುರುಳಿ ಸುತ್ತಿದ್ ವೈರ್ನ ಪೂರ್ತಿ ಬಿಚ್ಚಿ ಹಾಸ್ಕೊ, ಸುತ್ತಿದಂಗೇ ಬುಟ್ರೆ ಕಾವು ಹೊರಗೆ ಹೋಗಾಕೆ ದಾರಿ ಇರಾಕಿಲ್ಲ.’ ‘ಕೆಲ್ಸ ನಿಲ್ಲುಸಿ, ಪ್ಲಗ್ಗು ಕಿತ್ತು, ವೈರ ಒಂದ್ಸಲ ಮುಟ್ಟಿ ನೋಡು. ಬೆಚ್ಚಗಿದ್ರೆ ಅದು ಏನೋ ಹೇಳ್ತಾ ಐತೆ ಅಂತ ತಿಳ್ಕ.’ ಮಾದೇವ ಎಲ್ಲಕ್ಕೂ ‘ಆಯ್ತು ಬಾವ’ ಅನ್ನುತ್ತಿದ್ದ. ಎದುರು ಮಾತಾಡುವವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ‘ಆಯ್ತು’ ಅನ್ನುವವನ ಜೊತೆ ಏನು ಮಾಡುವುದು? ಒಂದೇ ಮಾತನ್ನು ಒಂದೇ ಮನುಷ್ಯನಿಗೆ ದಿನಾ ಹೇಳುವುದಿದೆಯಲ್ಲ, ಅದಕ್ಕಿಂತ ಹಲಸಿನ ದಿಮ್ಮಿ ಕುಯ್ಯುವುದು ಹಗುರ. ಬರಬರುತ್ತ ನನ್ನ ದನಿ ನನಗೇ ಬೇಸರವಾಗತೊಡಗಿತ್ತು.

ಒಂದು ವರ್ಷ ಪಾಂಡವಪುರದ ಕಡೆ ಕ್ಯಾತನಹಳ್ಳಿಯಲ್ಲಿ ನಿಂಗೇಗೌಡರು ಅನ್ನುವವರು ಹೊಸ ಮನೆ ಕಟ್ಟಿಸುತ್ತಿದ್ದರು. ಬಾಗಿಲು ಕಿಟಕಿ ನಮ್ಮದು. ಗೌಡರು ಎತ್ತರದ ಆಳು, ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಅವರ ತಾಯಿ ಕೆಂಪಮ್ಮನವರಿಗೆ ಕಣ್ಣು ಮಂಜಾಗಿತ್ತು. ಆದರೂ ಬೆಳಗಾದರೆ ಹೊಸ ಮನೆಯ ಜಗುಲಿಯ ಮೇಲೆ ಬಂದು ಕೂರುತ್ತಿದ್ದರು. ಮುಂಬಾಗಿಲಿನ ಚೌಕಟ್ಟಿಗೆ ಇಟ್ಟಿದ್ದದ್ದು ಅವರ ಹಿತ್ತಲಿನದೇ ಹಲಸಿನ ಮರ. ಕೆಂಪಮ್ಮನವರು ಮದುವೆಯಾಗಿ ಬಂದ ಹೊಸದರಲ್ಲಿ ತಾವೇ ನೀರು ಹೊಯ್ದು ಬೆಳೆಸಿದ್ದು. ಗಾಳಿಗೆ ಬಿದ್ದಾಗ ಯಾರಿಗೂ ಕೊಡದೆ ಕುಯ್ಯಿಸಿ ಒಣಗಿಸಿ ಇಟ್ಟಿದ್ದರು. ನಾವು ಹಲಗೆ ಹೊರಳಿಸಿದರೆ ಸಾಕು, ಅಜ್ಜಿ ‘ನಿಧಾನ ಕಣ್ರಪ್ಪಾ’ ಅನ್ನುತ್ತಿದ್ದರು. ಗೃಹಪ್ರವೇಶದ ದಿನ ಗೊತ್ತಾಗಿತ್ತು. ಬಾಗಿಲಿಲ್ಲದ ಮನೆಗೆ ಪ್ರವೇಶ ಎಲ್ಲಿಂದ ಎಂದು ಗೌಡರು ದಿನಾ ಬಂದು ಕೇಳುತ್ತಿದ್ದರು.

ಹೀಗಿರುವಾಗ ಗರಗಸದ ಮೆಷಿನ್ನಿನ ದಪ್ಪ ವೈರಿನ ಮೂತಿ ಕಂದುಬಣ್ಣಕ್ಕೆ ತಿರುಗಿತು. ಒಳಗೆ ಒಂದು ತೂತು ಅಗಲವಾಗಿ ಅಂಚು ಕರಗಿತ್ತು. ನಾನು ಅದನ್ನು ಅಲ್ಲೇ ಕತ್ತರಿಸಿ ಎಸೆದೆ. ಇಟ್ಟರೆ ತಾನೇ ಮಾದೇವ ಟ್ಯೂಬು ಕಟ್ಟುವುದು. ಹೊಸದನ್ನು ಮೈಸೂರಿನಿಂದ ತರಿಸಬೇಕಾಗಿತ್ತು, ಹೇಳಿ ಕಳಿಸಿದ್ದೆ. ‘ಅದು ಬರೋಗಂಟ ಗರಗಸದ ಮೆಷಿನ್ ಮುಟ್ಟಬ್ಯಾಡ, ಕೈಯಲ್ಲೇ ಕುಯ್ಯಾನ. ಡ್ರಿಲ್ಲಿನ ಸಣ್ಣ ವೈರ ಅದುಕ್ಕೆ ಹಾಕ್ಬ್ಯಾಡ, ಅದು ತಡ್ಕಳಾಕಿಲ್ಲ’ ಅಂದೆ. ಮಾದೇವ ‘ಆಯ್ತು ಬಾವ’ ಅಂದ.

ಮಧ್ಯಾಹ್ನ ಗೌಡರ ಹಳೆಯ ಮನೆಯಲ್ಲಿ ನಮಗೆ ಊಟ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಮಾದೇವ ಬೇಗ ಉಂಡು ಎದ್ದು ಹೋದ. ನಾನು ಗೌಡರ ಮಾತಿಗೆ ಸಿಕ್ಕಿಕೊಂಡು ಇನ್ನೂ ತಟ್ಟೆಯ ಮುಂದೆ ಇದ್ದೆ. ಅಷ್ಟರಲ್ಲಿ ಪಂಪ್‌ಸೆಟ್ಟಿನ ಕರೆಂಟು ಬಂತು. ಸುತ್ತಲ ಗದ್ದೆಗಳ ಮೋಟರುಗಳೆಲ್ಲ ಒಟ್ಟಿಗೆ ಹತ್ತಿಕೊಂಡವು, ಗೌಡರ ಮನೆಯ ಬಲ್ಬು ಕುಂಬಳದ ಹೂವಿನ ಹಾಗೆ ಹಳದಿಯಾಯಿತು. ಅದೇ ಹೊತ್ತಿಗೆ ಹೊಸ ಮನೆಯ ಕಡೆಯಿಂದ ಗರಗಸದ ಮೆಷಿನ್ನಿನ ಸದ್ದು ಕೇಳಿಸಿತು. ಅದು ಎಂದಿನ ಸದ್ದಲ್ಲ. ಏರು ಹತ್ತುವ ಕಬ್ಬಿನ ಗಾಡಿಯ ಎತ್ತಿನ ಹಾಗೆ ಏದುಸಿರು. ಕರೆಂಟು ಕುಗ್ಗಿದಾಗ ಇಂಥ ಮೋಟರು ತಿಣುಕಿಕೊಂಡು ಇನ್ನೂ ಜಾಸ್ತಿ ಎಳೆಯುತ್ತದೆ, ಎಳೆದದ್ದೆಲ್ಲ ವೈರಿನ ಮೇಲೆ ಬೀಳುತ್ತದೆ. ನಾನು ಅರ್ಧ ಮುದ್ದೆ ಬಿಟ್ಟು, ಕೈಯನ್ನೂ ತೊಳೆಯದೆ ಎದ್ದೆ. ‘ಯಾಕ್ರೀ ಆಚಾರ್ರೆ, ಸಾರು ಸೇರ್ಲಿಲ್ವಾ?’ ಎಂದು ಗೌಡರು ಹಿಂದೆಯೇ ಬಂದರು.

ಅಲ್ಲಿ ಆದದ್ದನ್ನು ಮಾದೇವನೂ ಕೆಂಪಮ್ಮನವರೂ ಆಮೇಲೆ ನನಗೆ ಎಷ್ಟೋ ಸಲ ಹೇಳಿದರು. ಮಾದೇವ ಬಂದವನೇ ಡ್ರಿಲ್ಲಿನ ವೈರು ಬಿಚ್ಚಿ ಗರಗಸಕ್ಕೆ ಸಿಕ್ಕಿಸಿದ. ಮೂತಿ ಅಲ್ಲಾಡಿತು, ಟ್ಯೂಬು ಕಟ್ಟಿದ. ಉದ್ದ ವೈರು ಕಾಲಿಗೆ ತೊಡರುತ್ತದೆ ಎಂದು ಮಿಕ್ಕದ್ದನ್ನು ಸುರುಳಿ ಮಾಡಿ ಸಾರವೆಯ ಕಂಬಕ್ಕೆ ನೇತುಹಾಕಿದ. ಸ್ವಲ್ಪ ಹೊತ್ತಿಗೆ ಅಜ್ಜಿಗೆ ವಾಸನೆ ಬಂತು.

‘ಆಚಾರಪ್ಪಾ, ಏನೋ ಸುಟ್ಟ ವಾಸ್ನೆ ಬತ್ತಾ ಐತೆ.’

‘ಆಲೆಮನೆ ಹೊಗೆ ಕಣಜ್ಜಿ’ ಅಂದ ಮಾದೇವ.

‘ಆಲೆಮನೆ ವಾಸ್ನೆ ನಂಗೆ ಗೊತ್ತಿಲ್ವೇನಪ್ಪಾ. ಇದು ರಬ್ಬರು.’

‘ಇನ್ನೇನ್ ಒಂದು ಕುಯ್ತ ಐತೆ, ಮುಗುಸ್ಬುಡ್ತೀನಿ ಸುಮ್ಕಿರಜ್ಜಿ.’

ಆ ಒಂದು ಕುಯ್ತ ಮುಗಿಯಲಿಲ್ಲ. ನಾನು ಬೀದಿಯ ತಿರುವಿಗೆ ಬರುವಾಗ ಮೆಷಿನ್ನು ನಿಂತಿತು. ಮೂತಿ ಕರಗಿ ಹೊಗೆ ಬರುತ್ತಿದ್ದದ್ದನ್ನು ನೋಡಿ ಮಾದೇವ ಗಾಬರಿಯಿಂದ ಅದನ್ನೇ ಬಲಗೈಯಲ್ಲಿ ಹಿಡಿದು ಎಳೆದಿದ್ದ. ಕರಗಿದ ಪ್ಲಾಸ್ಟಿಕ್ಕು ಅಂಗೈಗೆ ಅಂಟಿಕೊಂಡಿತು. ಅವನು ಕೊಡವಿದ ರಭಸಕ್ಕೆ ಉರಿಯುವ ಚೂರು ಮರದ ಹೊಟ್ಟಿನ ಮೇಲೆ ಬಿತ್ತು. ಒಣಗಿದ ಹಲಸಿನ ಹೊಟ್ಟು ಬುಸ್ ಎಂದು ಹತ್ತಿಕೊಂಡಿತು. ಅದರ ಪಕ್ಕದಲ್ಲೇ ಮುಂಬಾಗಿಲಿನ ಎರಡೂ ನಿಲುವುಗಂಬಗಳನ್ನು ಮಲಗಿಸಿದ್ದೆವು.

ನಾನು ಮೇನ್ ಸ್ವಿಚ್ಚು ಆರಿಸಿದೆ. ಗೌಡರು ಗಾರೆಗೆಂದು ಸುರಿದಿದ್ದ ಮರಳನ್ನು ಬಾಣಲಿಯಲ್ಲಿ ತುಂಬಿ ಎರಚಿದರು. ಕೆಂಪಮ್ಮನವರು ಗೋಡೆ ಹಿಡಿದುಕೊಂಡು ಬಂದು ಮಾದೇವನ ಮೊಣಕೈ ಹುಡುಕಿ ಹಿಡಿದು, ಗೋಡೆಗೆ ಹೊಯ್ಯಲು ನೀರು ತುಂಬಿಟ್ಟಿದ್ದ ಡ್ರಮ್ಮಿನ ಹತ್ತಿರ ಎಳೆದುಕೊಂಡು ಹೋದರು. ‘ಮುಳುಗ್ಸು, ತಗೀಬ್ಯಾಡ’ ಅಂದರು. ಯಾರೋ ಸುಣ್ಣ ಹಚ್ಚಿ ಅಂದರು, ಯಾರೋ ಇಂಕು ಅಂದರು. ಅಜ್ಜಿ ಯಾರನ್ನೂ ಹತ್ತಿರ ಬಿಡಲಿಲ್ಲ. ಬೆಂಕಿ ಆರಿತು. ಮಾದೇವ ಡ್ರಮ್ಮಿನಲ್ಲಿ ಕೈ ಮುಳುಗಿಸಿ ನಿಂತೇ ಇದ್ದ. ಅಳಲಿಲ್ಲ. ‘ಬಾವ, ಒಂದೇ ಒಂದು ಕುಯ್ತ ಇತ್ತು’ ಅಂದ. ಬೈಯುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

ಗೌಡರ ಟ್ರಾಕ್ಟರಿನಲ್ಲೇ ಪಾಂಡವಪುರದ ಆಸ್ಪತ್ರೆಗೆ ಹೋದೆವು. ಡಾಕ್ಟರು ಚರ್ಮದಿಂದ ಪ್ಲಾಸ್ಟಿಕ್ಕು ಬಿಡಿಸುವಾಗ ಮಾದೇವ ನನ್ನ ಭುಜವನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ಅವನ ಹಿಡಿತ ಎಷ್ಟು ಗಟ್ಟಿ ಎಂದು ನನಗೆ ಅವತ್ತೇ ಗೊತ್ತಾದದ್ದು. ಕೆಲಸ ಮಾಡುವ ಬಲಗೈ ಬಟ್ಟೆಯ ಉಂಡೆಯಾಗಿ ತೊಡೆಯ ಮೇಲೆ ಬಿದ್ದಿತ್ತು. ಉಳಿ ಹಿಡಿಯುವುದಕ್ಕೆ ಆಗುತ್ತದೋ ಇಲ್ಲವೋ ಎಂದು ಅವನೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ.

ಸಂಜೆ ಮನೆಗೆ ಬಂದು ಜಯಮ್ಮನಿಗೆ ತಿಳಿಸಿದೆ. ಅವಳು ತಮ್ಮನನ್ನು ಚಾಪೆಯ ಮೇಲೆ ಕೂರಿಸಿ, ಅನ್ನ ಕಲೆಸಿ ತುತ್ತು ಮಾಡಿ ತಿನ್ನಿಸಿದಳು. ಅವನು ಮಲಗಿದ ಮೇಲೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಳು.

‘ನೀವು ಬ್ಯಾಡ ಅಂತ ಹೇಳಿರ್ಲಿಲ್ವಾ?’

‘ಹೇಳಿದ್ದೆ ಕಣೆ. ಊಟಕ್ಕೆ ಮುಂಚೆನೂ ಹೇಳಿದ್ದೆ.’

‘ಆ ಸಣ್ಣ ವೈರು ಆ ಮೆಷಿನ್‌ಗೆ ಹಿಡೀತದಾ?’

‘ಹಿಡೀತದೆ. ಮೂತಿ ಒಂದೇ.’

‘ಹಿಡೀತದೆ ಅಂದ್ರೆ ಯಾರಾರ ಹಾಕೇ ಹಾಕ್ತಾರೆ. ಇವ ಹಾಕ್ದಿದ್ರೆ ಇನ್ನೊಬ್ಬ. ಹೇಳ್ಕೊಂಡು ಯಾಕೆ ಗಂಟ್ಲು ನೋಯಿಸ್ಕತೀರಿ? ಹಾಕಕ್ಕೇ ಆಗ್ದಂಗೆ ಮಾಡ್ಬುಡಿ.’

ಇದನ್ನು ಹೇಳಿ ಅವಳು ಪಾತ್ರೆ ತೊಳೆಯಲು ಹೋದಳು. ನಾನು ಗೋಡೆಗೆ ಒರಗಿ ಕೂತೆ. ನಮ್ಮ ಮಕ್ಕಳು ಅಂಬೆಗಾಲಿಡುವ ಕಾಲದಲ್ಲಿ ಇವಳು ಸೀಮೆಎಣ್ಣೆ ಡಬ್ಬವನ್ನು ಮುಟ್ಟಬೇಡ ಎಂದು ಒಂದು ದಿನವೂ ಹೇಳಿದ್ದು ನೆನಪಿಲ್ಲ. ಅಟ್ಟದ ಮೇಲೆ ಇಟ್ಟುಬಿಟ್ಟಿದ್ದಳು ಅಷ್ಟೆ. ನಾನು ಇಷ್ಟು ವರ್ಷ ನೆಲದ ಮೇಲೆ ಡಬ್ಬ ಇಟ್ಟುಕೊಂಡು ಉಪದೇಶ ಮಾಡುತ್ತಿದ್ದೆ. ದಣಿವು ಬರದೆ ಇನ್ನೇನು ಬರುತ್ತದೆ?

ಮೈಸೂರಿನ ವೈರು ಬಂದ ಮೇಲೆ ಷೆಡ್ಡಿನಲ್ಲಿ ಒಂದು ದಿನ ಬೇರೆ ಕೆಲಸ ಬಿಟ್ಟು ಕೂತೆ. ಪ್ರತಿ ಮೆಷಿನ್ನಿಗೂ ಅದರದರ ಭಾರಕ್ಕೆ ತಕ್ಕ ವೈರು. ಮೂತಿಯನ್ನು ಸಿಕ್ಕಿಸಿ, ಅದು ಅಲ್ಲಾಡದ ಹಾಗೆ ಮೇಲೆ ತಗಡಿನ ಪಟ್ಟಿ ಇಟ್ಟು, ಸ್ಕ್ರೂ ಹಾಕಿ ಮೆಷಿನ್ನಿಗೇ ಬಿಗಿದೆ. ಬಿಚ್ಚಬೇಕಾದರೆ ಸ್ಕ್ರೂಡ್ರೈವರು ತರಬೇಕು. ಅಷ್ಟು ಹೊತ್ತಿಗೆ ಯಾರಿಗಾದರೂ ಬುದ್ಧಿ ಬರುತ್ತದೆ. ಟೇಪಿನ ಉಂಡೆಯ ವೈರುಗಳನ್ನೆಲ್ಲ ತುಂಡು ತುಂಡು ಮಾಡಿ ಗುಜರಿಗೆ ಹಾಕಿದೆ. ಗೋಡೆಯಲ್ಲಿ ದಪ್ಪನೆಯ ಗೂಟಗಳನ್ನು ಹೊಡೆದು, ವೈರನ್ನು ದೊಡ್ಡ ದೊಡ್ಡ ಬಳೆಯ ಹಾಗೆ ಸಡಿಲವಾಗಿ ನೇತುಹಾಕುವ ಏರ್ಪಾಡು ಮಾಡಿದೆ. ಮೆಷಿನ್ನಿನ ಮೈಗೆ ಬಿಗಿದು ಸುತ್ತಿಟ್ಟರೆ ಬುಡದಲ್ಲಿ ಮಡಿಸಿ ಮಡಿಸಿ ಒಳಗಿನ ಎಳೆ ಮುರಿಯುತ್ತದೆ. ಮುರಿದ ಎಳೆ ಹೊರಗೆ ಕಾಣುವುದಿಲ್ಲ, ಉಳಿದ ಎಳೆಗಳು ಅದರ ಭಾರವನ್ನೂ ಹೊತ್ತುಕೊಂಡು ಬಿಸಿಯಾಗುತ್ತವೆ. ಸಂಸಾರದಲ್ಲೂ ಹೀಗೇ ಎಂದು ಬರೆಯಲು ಕೈ ತುರಿಸುತ್ತಿದೆ, ಜಯಮ್ಮ ಓದುತ್ತಾಳೆ ಎಂದು ಬಿಟ್ಟಿದ್ದೇನೆ.

ನಿಂಗೇಗೌಡರ ಬಾಗಿಲಿನ ನಿಲುವುಗಂಬಗಳ ಬುಡ ಸುಟ್ಟಿತ್ತು. ಬೇರೆ ಮರ ತರಿಸುತ್ತೇನೆ ಅಂದೆ. ಕೆಂಪಮ್ಮನವರು ಒಪ್ಪಲಿಲ್ಲ. ಕರಿಯಾದ ಭಾಗ ಕತ್ತರಿಸಿದರೆ ಬಾಗಿಲು ಗಿಡ್ಡವಾಗುತ್ತದೆ ಅಂದೆ. ‘ಆಗ್ಲಿ ಬುಡು. ನಾನೇನು ಎತ್ತರಕ್ಕಿದ್ದೀನಾ’ ಅಂದರು. ಎತ್ತರಕ್ಕಿದ್ದವರು ಅವರ ಮಗ. ಗೃಹಪ್ರವೇಶದ ದಿನ ಗೌಡರು ಕಲಶ ಹಿಡಿದು ತಲೆ ಬಗ್ಗಿಸಿ ಒಳಗೆ ಹೋದರು. ಇವತ್ತಿಗೂ ಅವರ ಮನೆಗೆ ಹೋದರೆ, ಮಾತಿನ ಮಧ್ಯೆ ಅವರು ಒಳಗೆ ಹೊರಗೆ ಓಡಾಡುವಾಗೆಲ್ಲ ಆ ಬಗ್ಗುವಿಕೆ ತಾನಾಗಿ ಬರುತ್ತದೆ. ಒಂದು ಸಲವೂ ನನ್ನನ್ನು ಅಂದವರಲ್ಲ. ಆ ಬಾಗಿಲಿನ ಮೇಲುಪಟ್ಟಿಗೆ ಮಾದೇವ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಗಜಲಕ್ಷ್ಮಿ ಮಾತ್ರ ಆಗ ಗೆರೆಯಲ್ಲೇ ಉಳಿದಿತ್ತು. ಅದು ಮಾದೇವನ ಕೈಯ ಕೆಲಸ, ನಾನು ಮುಟ್ಟಲಿಲ್ಲ. ಅವನ ಗಾಯ ಮಾಗಿತು, ಕಿರುಬೆರಳು ಬಾಗಿದ ಹಾಗೇ ನಿಂತಿತು. ಬಹಳ ಕಾಲದ ಮೇಲೆ ಒಂದು ದಿನ ತಾನೇ ಬಸ್ಸು ಹತ್ತಿ ಕ್ಯಾತನಹಳ್ಳಿಗೆ ಹೋಗಿ, ಏಣಿ ಹಾಕಿಕೊಂಡು ನಿಂತು, ಅದನ್ನು ಕೆತ್ತಿ ಮುಗಿಸಿ ಬಂದ. ನೋಡಲು ಹೋದೆ. ಆನೆಗಳು ಮೊದಲಿನಷ್ಟು ನಯವಾಗಿಲ್ಲ, ಕಾಲು ಸ್ವಲ್ಪ ದಪ್ಪ. ಕೆಂಪಮ್ಮನವರು ಏಣಿ ಹತ್ತಲಾರದೆ, ಮಗನಿಗೆ ಹೇಳಿ ಕೋಲಿನ ತುದಿಗೆ ಹೂವು ಕಟ್ಟಿ ಮುಡಿಸಿದ್ದರು.

ಇಲ್ಲಿಗೆ ನನ್ನ ಸುಸ್ತು ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೈ ಸರಿಯಾಗಿ ಬಂದ ಮಾದೇವ ಬೇರೆಯೇ ಮನುಷ್ಯನಾಗಿದ್ದ. ಬೆಳಗ್ಗೆ ಬಂದವನೇ ಎಲ್ಲ ವೈರನ್ನೂ ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರಿ ನೋಡದೆ ಸ್ವಿಚ್ಚು ಹಾಕುತ್ತಿರಲಿಲ್ಲ. ಕರೆಂಟು ಕುಗ್ಗಿದರೆ ಮೆಷಿನ್ನು ಬಂದ್. ನಾನು ಅರ್ಜೆಂಟಿನಲ್ಲಿ ಒಂದು ಹಲಗೆಯನ್ನು ವೈರಿನ ಮೇಲೆ ಇಟ್ಟರೆ, ‘ಬಾವ, ವೈರಿನ್ ಮ್ಯಾಗೆ ಐತೆ’ ಅನ್ನುತ್ತಿದ್ದ. ‘ಆಯ್ತು ಕಣ್ಲಾ’ ಅನ್ನುತ್ತಿದ್ದೆ. ಮೊದಲು ಹೇಳಿ ಹೇಳಿ ದಣಿದಿದ್ದವನು ಈಗ ಹೇಳಿಸಿಕೊಂಡು ದಣಿದೆ. ‘ಆಯ್ತು’ ಅನ್ನುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು. ಅವನು ಅಷ್ಟಕ್ಕೇ ಬಿಡಲಿಲ್ಲ. ಶ್ರೀರಂಗಪಟ್ಟಣದಲ್ಲಿ ಒಂದು ಮದುವೆಗೆ ಹೋಗಿದ್ದಾಗ, ಚಪ್ಪರದ ಸೀರಿಯಲ್ ಲೈಟಿನ ವೈರು ಮುಟ್ಟಿ ನೋಡಿ, ಮಾಂಗಲ್ಯಧಾರಣೆಗೆ ಮುಂಚೆ ದೀಪ ಆರಿಸಿಬಿಟ್ಟ. ಹೆಣ್ಣಿನ ಕಡೆಯವರು ಅಪಶಕುನ ಅಂದರು. ಲೈಟಿನವನು ಬಂದು ನೋಡಿದಾಗ ಜಾಯಿಂಟು ಮೆತ್ತಗಾಗಿತ್ತು. ಆದರೂ ಯಾರೂ ಮಾದೇವನಿಗೆ ಊಟದಲ್ಲಿ ಒಂದು ಹೋಳಿಗೆ ಜಾಸ್ತಿ ಬಡಿಸಲಿಲ್ಲ. ಹತ್ತದೆ ಹೋದ ಬೆಂಕಿಯನ್ನು ಯಾರಿಗೆ ತೋರಿಸುವುದು?

ನಮ್ಮ ಷೆಡ್ಡಿನಿಂದ ಹೊಸಹೊಳಲಿನ ದೇವಸ್ಥಾನ ದೂರವಿಲ್ಲ. ತಲೆ ಬಿಸಿಯಾದಾಗ ಅಲ್ಲಿ ಹೋಗಿ ಕೂರುವುದುಂಟು. ಆ ನುಣುಪಾದ ದುಂಡು ಕಂಬಗಳನ್ನು ಕಲ್ಲನ್ನು ತಿರುಗಿಸುತ್ತ ಕಡೆದದ್ದು ಎಂದು ತಿಳಿದವರು ಹೇಳುತ್ತಾರೆ. ಅಷ್ಟು ಭಾರದ ಕಲ್ಲನ್ನು ತಿರುಗಿಸಲು ಹಗ್ಗವಾದರೂ ಬೇಕಲ್ಲ. ಹಗ್ಗ ಅಂದ ಮೇಲೆ ಉಜ್ಜಿ ಕಾಯುತ್ತದೆ, ಎಳೆ ಸವೆಯುತ್ತದೆ, ಕಿತ್ತರೆ ಯಾರದೋ ಎದೆಯ ಮೇಲೆ ಕಲ್ಲು. ಶಿಲ್ಪಿಗಳ ಹೆಸರು ಅಲ್ಲಲ್ಲಿ ಕಲ್ಲಿನ ಮೇಲೆ ಉಳಿದಿರುವುದುಂಟು. ದಿನಾ ಬೆಳಗ್ಗೆ ಹಗ್ಗ ಮುಟ್ಟಿ ನೋಡಿ, ‘ಇದು ಬ್ಯಾಡ, ಇನ್ನೊಂದು ತಗಂಬನ್ನಿ’ ಅನ್ನುತ್ತಿದ್ದ ಒಬ್ಬ ಮುದುಕ ಅಲ್ಲಿ ಇದ್ದಿರಲೇಬೇಕು ಎಂದು ನನಗೆ ಅನಿಸುತ್ತದೆ. ಎಲ್ಲರೂ ಅವನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದಿರಬೇಕು. ಅವನ ಹೆಸರು ಯಾಕೆ ಇರುತ್ತದೆ? ಅವನ ಕೆಲಸವೆಲ್ಲ ಆಗದೆ ಹೋದದ್ದರಲ್ಲಿ ಇದೆ.

ಮೊನ್ನೆ ಮಧ್ಯಾಹ್ನ ಮಾದೇವ ಊರಿಗೆ ಹೋಗಿದ್ದ. ಒಬ್ಬನೇ ಮಂಚದ ಕಾಲುಗಳನ್ನು ಕುಯ್ಯುತ್ತಿದ್ದೆ. ಸೊಂಟ ನೋಯುತ್ತಿತ್ತು, ಹೊಟ್ಟಿನ ಧೂಳಿಗೆ ಕೆಮ್ಮು ಬೇರೆ. ಇನ್ನೊಂದಿಷ್ಟು ಮುಗಿಸಿದರೆ ಮನೆಗೆ ಹೋಗಬಹುದಿತ್ತು. ಪ್ಲಗ್ಗು ಕಿತ್ತು ವೈರು ಮುಟ್ಟಿದೆ. ಬೆಚ್ಚಗಿತ್ತು. ಮೂತಿ ಗಟ್ಟಿಯಾಗಿತ್ತು, ವೈರು ಎಲ್ಲೂ ಸವೆದಿರಲಿಲ್ಲ. ಬೆಳಗಿನಿಂದ ಬಿಡುವಿಲ್ಲದೆ ದುಡಿದದ್ದಕ್ಕೆ ಬಂದ ಕಾವು ಅಷ್ಟೆ. ಮಾದೇವ ಇಲ್ಲ, ಕೇಳುವವರಿಲ್ಲ. ಆದರೂ ಮೆಷಿನ್ನನ್ನು ಕೆಳಗಿಟ್ಟು, ವೈರನ್ನು ನೆಲದ ಮೇಲೆ ಉದ್ದಕ್ಕೆ ಬಿಡಿಸಿ, ಹಲಗೆಯ ಮೇಲೆ ಕೂತೆ.

ಜಯಮ್ಮ ಕಾಫಿ ತಂದಳು. ಸದ್ದಿಲ್ಲದ ಷೆಡ್ಡು ನೋಡಿ ಗಾಬರಿಯಾದಳು.

‘ಯಾಕೆ, ಮೈ ಸರಿಗಿಲ್ವಾ?’

‘ಸರಿಗೈತೆ. ವೈರು ಬೆಚ್ಚಗಾಗೈತೆ. ತಣ್ಣಗಾಗ್ಲಿ ಅಂತ ಕೂತಿದ್ದೀನಿ.’

ಅವಳು ಹೊಟ್ಟು ಸರಿಸಿ ಪಕ್ಕದಲ್ಲಿ ಕೂತಳು. ಅವಳ ಕೈಗಳೂ ಬೆಳಗಿನಿಂದ ನಿಂತಿರಲಿಲ್ಲ ಎಂದು ಸೆರಗಿನ ಒದ್ದೆಯಿಂದಲೇ ತಿಳಿಯುತ್ತಿತ್ತು. ಒಂದೇ ಲೋಟದಲ್ಲಿ ಇಬ್ಬರೂ ಕಾಫಿ ಕುಡಿದೆವು. ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಹೋಯಿತು. ಅವಳು ಕಾಲು ನೀಡಿ, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿದಳು. ಬಹಳ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದಳು, ‘ಇನ್ನೂ ಬೆಚ್ಚಗೈತಾ?’

ಬಗ್ಗಿ ಮುಟ್ಟಿ ನೋಡಿದೆ. ಆಗಲೇ ತಣ್ಣಗಾಗಿತ್ತು.

‘ಇನ್ನೂ ಒಸಿ ಐತೆ, ಕೂತ್ಕ’ ಅಂದೆ.